ಸೋಮವಾರ ಬೆಳಿಗ್ಗೆ ಆಫೀಸಿಗೆ ಯಾವ ಕಾರು?

ಕಳೆದ ಸಂಚಿಕೆಯಲ್ಲಿ ಟ್ರ್ಯಾಕ್ ಡೇ ಬಗ್ಗೆ ಎರಡೇ ಸಾಲು ಬರೆದಿದ್ದೆ. ದಿನಾ ಓಡಿಸುವ ಕಾರನ್ನೇ ರೇಸ್ ಟ್ರ್ಯಾಕ್‌ಗೆ ಒಯ್ದು, ದುಡ್ಡು ಕಟ್ಟಿ, ಒಂದು ದಿನ ಮನಸಾರೆ ಓಡಿಸಿ ಬರಬಹುದು ಅಂತ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಮೈಲೇಜ್ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹತ್ತಿರ 2021ರ ಪೋಲೋ ಇದೆ. 1.0 ಟಿಎಸ್‌ಐ, ಮ್ಯಾನ್ಯುಯಲ್ ಗೇರ್, 48,000 ಕಿ.ಮೀ. ಓಡಿದೆ. ನಾಲ್ಕು ಜನ ಗೆಳೆಯರು ಜನವರಿಯಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕ್‌ಗೆ ಹೊರಟಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಕಾರು ಪೂರ್ತಿ ಸ್ಟಾಕ್, ಏನೂ ಬದಲಾಯಿಸಿಲ್ಲ. ಬಂಪರ್ ಟು ಬಂಪರ್ ಇನ್ಶೂರೆನ್ಸ್ ಇದೆ. ಸಾಲದ ಕಂತು ಇನ್ನೂ 14 ಬಾಕಿ. ಮನೆ ಯಲಹಂಕ, ಆಫೀಸು ವೈಟ್‌ಫೀಲ್ಡ್. ಸ್ವಂತ ಕಾರು ತಗೊಂಡು ಹೋಗಲಾ, ಬೇಡವಾ? ಒಂದೇ ಮಾತಲ್ಲಿ ಹೇಳಿ.
— ಯಲಹಂಕದ ಓದುಗರು

ಉತ್ತರ: ಒಂದೇ ಮಾತಲ್ಲಿ, ಈ ಜನವರಿಗೆ ಬೇಡ. ನೀವು ಹೋಗಿ, ಕಾರು ಮನೆಯಲ್ಲಿರಲಿ. ಕಾರಣ ಮಾತ್ರ ಒಂದೇ ಮಾತಲ್ಲಿ ಮುಗಿಯುವುದಿಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

ಕಾರಿನಲ್ಲಿ ದೋಷವಿಲ್ಲ. ಹಗುರ, ಗಟ್ಟಿ ಬಾಡಿ, 110 ಪಿಎಸ್ ಎಂಜಿನ್, ಹೇಳಿದ ಮಾತು ಕೇಳುವ ಸ್ಟೀರಿಂಗ್. ಕಲಿಯುವವರಿಗೆ ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಕಾರು ನಮ್ಮಲ್ಲಿ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ, 2022ರಲ್ಲಿ ಪೋಲೋ ಇಲ್ಲಿ ನಿಂತೇಹೋದಾಗ ಮುಖ ಸಪ್ಪೆ ಮಾಡಿಕೊಂಡವರಲ್ಲಿ ನಾನೂ ಒಬ್ಬ. ನನ್ನ ತಕರಾರು ಆ 14 ಕಂತಿನ ಬಗ್ಗೆ.

ಹೀಗೆ ಯೋಚಿಸಿ. ಭಾನುವಾರ ಸಂಜೆ ಐದು ಗಂಟೆ. ನಿಮ್ಮ ಕಾರು ಟ್ರ್ಯಾಕ್ ಪಕ್ಕ ಟೈರ್ ಪೇರಿಸಿ ಮಾಡಿದ ಗೋಡೆಗೆ ಮೂತಿ ಒತ್ತಿಕೊಂಡು ನಿಂತಿದೆ. ನಿಮಗೆ ಏನೂ ಆಗಿಲ್ಲ, ಕಾರು ಮಾತ್ರ ಓಡುವ ಹಾಗಿಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತೀರಿ, ರಾತ್ರಿಯೆಲ್ಲ ಕೂತು ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯುತ್ತೀರಿ. ಸೋಮವಾರ ವೈಟ್‌ಫೀಲ್ಡ್‌ಗೆ ಹೇಗೆ ಹೋಗುತ್ತೀರಿ? ಮಂಗಳವಾರ? ರಿಪೇರಿಗೆ ಮೂರು ಲಕ್ಷ ಅಂತ ಗ್ಯಾರೇಜಿನವರು ಚೀಟಿ ಕೊಟ್ಟರೆ ಎಲ್ಲಿಂದ ತರುತ್ತೀರಿ, ಆ ಕಡೆ ಓಡದ ಕಾರಿಗೂ ಬ್ಯಾಂಕಿನವರು ಕಂತು ಕೇಳೇ ಕೇಳುತ್ತಾರಲ್ವಾ? ಇಷ್ಟಕ್ಕೂ ನಿಮ್ಮ ಹತ್ತಿರ ಸಲೀಸಾದ ಉತ್ತರ ಇದ್ದರೆ ಕಾರು ತಗೊಂಡು ಹೋಗಿ, ನಾನು ತಡೆಯುವುದಿಲ್ಲ. ಹೊಟ್ಟೆಯಲ್ಲಿ ಒಂಥರಾ ಆದರೆ ಬೇಡ. ಹೋದವರಲ್ಲಿ ಹೆಚ್ಚಿನವರು ಕಾರನ್ನು ಇಡಿಯಾಗೇ ವಾಪಸ್ ತರುತ್ತಾರೆ, ಅದು ನಿಜ. ಆದರೆ ಗೋಡೆಯ ಚಿಂತೆ ತಲೆಯಲ್ಲಿ ಇಟ್ಟುಕೊಂಡು ಓಡಿಸುವವರು ಕಲಿಯುವುದೂ ಇಲ್ಲ, ಖುಷಿಪಡುವುದೂ ಇಲ್ಲ. ಕೊಟ್ಟ ದುಡ್ಡು ದಂಡ.

ಈಗ ಇನ್ಶೂರೆನ್ಸ್. ಬಂಪರ್ ಟು ಬಂಪರ್ ಅಂದರೆ ರಿಪೇರಿಯ ಹೊತ್ತಿಗೆ ಸವಕಳಿ ಲೆಕ್ಕ ಹಿಡಿಯುವುದಿಲ್ಲ ಅಂತ ಅಷ್ಟೇ. ಎಲ್ಲಿ ಬೇಕಾದರೂ ಗುದ್ದಿಕೊಂಡು ಬನ್ನಿ ಅಂತ ಅಲ್ಲ. ನಿಮ್ಮ ಪಾಲಿಸಿ ಕಾಗದ ತೆಗೆದು, ಕಾರನ್ನು ಯಾವುದಕ್ಕೆ ಬಳಸಬಹುದು ಅಂತ ಬರೆದಿರುವ ಭಾಗ ಓದಿ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದರ ಜೊತೆಗೆ ಸಂಘಟಿತ ರೇಸ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್, ಇವು ಯಾವುದಕ್ಕೂ ಪಾಲಿಸಿ ಇಲ್ಲ ಅಂತ ಇರುತ್ತದೆ. ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಗಳಲ್ಲಿ ಇದು ಹಳೇ ಕಾಲದಿಂದ ನಡೆದುಬಂದ ಮಾತು. ಟ್ರ್ಯಾಕ್ ಡೇ ರೇಸ್ ಅಲ್ಲ, ಅಲ್ಲಿ ಗೆಲುವು ಸೋಲು ಇಲ್ಲ ಅಂತ ವಾದ ಮಾಡುವವರಿದ್ದಾರೆ. ವಾದವೇನೋ ಚೆನ್ನಾಗಿದೆ. ಆದರೆ ಅದನ್ನು ನೀವು ಮಾಡಬೇಕಾಗಿರುವುದು ಹಾನಿ ಅಳೆಯಲು ಬರುವ ಇನ್ಶೂರೆನ್ಸ್ ಸರ್ವೇಯರ್ ಮುಂದೆ, ಮುರಿದ ಕಾರಿನ ಪಕ್ಕ ನಿಂತುಕೊಂಡು. ಇನ್ನು ಕೆಲವರು ಕಿವಿಯಲ್ಲಿ ಒಂದು ಉಪಾಯ ಹೇಳುತ್ತಾರೆ: ಹೈವೇಯಲ್ಲಿ ನಾಯಿ ಅಡ್ಡ ಬಂತು ಅಂತ ಬರೆಸಿಬಿಡಿ. ಅದು ಮೋಸ. ಸಿಕ್ಕಿಬಿದ್ದರೆ ಕಾರಿನ ಜೊತೆ ಮರ್ಯಾದೆಯೂ ಹೋಗುತ್ತದೆ. ನನ್ನ ಮಾತು ಇಷ್ಟೇ, ಟ್ರ್ಯಾಕ್ ಒಳಗೆ ಹೋದ ಕಾರಿಗೆ ಇನ್ಶೂರೆನ್ಸ್ ಇಲ್ಲ ಅಂತಲೇ ಲೆಕ್ಕ ಹಾಕಿ. ಸಂದೇಹ ಇದ್ದರೆ ಕಂಪನಿಗೆ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಏಜೆಂಟ್ ಫೋನಿನಲ್ಲಿ "ಏನಾಗಲ್ಲ ಸಾರ್" ಅಂದಿದ್ದು ಲೆಕ್ಕಕ್ಕಿಲ್ಲ. ಮೇಲಾಗಿ ಗೇಟಿನಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಆಗುವುದೆಲ್ಲ ನಿಮ್ಮದೇ ಹೊಣೆ ಅಂತ.

ನೀವು ಹೋಗಲಿರುವ ಜಾಗ ನನಗೆ ಗೊತ್ತು. ಬೆಂಗಳೂರು–ಚೆನ್ನೈ ಹೆದ್ದಾರಿ ಪಕ್ಕ, ಶ್ರೀಪೆರಂಬದೂರು ಹತ್ತಿರ ಇರುಂಗಾಟುಕೊಟ್ಟೈಯಲ್ಲಿದೆ. ಮೊದಲು ಶೋಲಾವರಂನ ಹಳೇ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಯುತ್ತಿತ್ತು, ಆಮೇಲೆ 1990ರಲ್ಲಿ ಈ ಟ್ರ್ಯಾಕ್ ಬಂತು. ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಸುತ್ತು ಸುಮಾರು 3.7 ಕಿ.ಮೀ., ತಿರುವು 12. ನೇರ ದಾರಿಯ ಕೊನೆಗೆ ಸಿ1 ಅನ್ನುವ ವೇಗದ ಬಲತಿರುವು ಬರುತ್ತದೆ, ಅಲ್ಲಿಗೆ ಬಂದಾಗ ಮೊದಲ ಸಲದವರ ಬಲಗಾಲು ತಾನಾಗೇ ಮೇಲೇಳುತ್ತದೆ. ಏಳಲಿ, ತಪ್ಪಿಲ್ಲ.

ಎಂಜಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಬ್ರೇಕ್ ಬಗ್ಗೆ ಯಾರೂ ಕೇಳುವುದಿಲ್ಲ. ಟ್ರ್ಯಾಕ್‌ನಲ್ಲಿ ಮೊದಲು ಸೋಲುವುದು ಬ್ರೇಕೇ. ಒಂದು ಲೆಕ್ಕ ಹೇಳುತ್ತೇನೆ. ನೀವು ಕೂತ ಪೋಲೋ ಸುಮಾರು 1,150 ಕಿಲೋ. 140ರಲ್ಲಿ ಬಂದು 60ಕ್ಕೆ ಇಳಿಸಿದರೆ ಆ ಒಂದೇ ಬ್ರೇಕಿನಲ್ಲಿ ಹುಟ್ಟುವ ಶಾಖ ಎರಡು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಮನೆಯಲ್ಲಿ ಗ್ಯಾಸ್ ಮೇಲೆ ಆ ನೀರು ಕುದಿಯಲು ಎಷ್ಟು ಹೊತ್ತು ಬೇಕು ನೋಡಿ. ಇಲ್ಲಿ ಅದು ಮೂರ್ನಾಲ್ಕು ಸೆಕೆಂಡಿನಲ್ಲಿ ಆಗಬೇಕು. ಅದರಲ್ಲಿ ಹೆಚ್ಚು ಪಾಲು ಮುಂದಿನ ಎರಡು ಡಿಸ್ಕ್ ಮೇಲೆ ಬೀಳುತ್ತದೆ, ಅವು ತಣ್ಣಗಾಗುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಊರೊಳಗೆ ವರ್ಷಗಟ್ಟಲೆ ಓಡಿಸಿದರೂ ಬ್ರೇಕಿಗೆ ಈ ಕಷ್ಟ ಬರುವುದಿಲ್ಲ, ಹಾಗಾಗಿ "ನನ್ನ ಬ್ರೇಕ್ ಸೂಪರ್ ಆಗಿದೆ" ಅನ್ನುವ ಮಾತಿಗೆ ಟ್ರ್ಯಾಕ್‌ನಲ್ಲಿ ಬೆಲೆ ಇಲ್ಲ.

ನನ್ನ ಕಥೆ ಹೇಳಿಬಿಡುತ್ತೇನೆ, ನಗಬೇಡಿ. ಮೊದಲ ಸಲ ಹೋದಾಗ ನನ್ನದು ಒಂದು ಹಳೇ ಹ್ಯಾಚ್‌ಬ್ಯಾಕ್. ಹೋಗುವ ಮುಂಚೆ ಗ್ಯಾರೇಜಿಗೆ ಬಿಟ್ಟು, ಬ್ರೇಕ್ ಆಯಿಲ್ ಬದಲಾಯಿಸಿ ಅಂತ ಹೇಳಿದ್ದೆ. ಬಿಲ್‌ನಲ್ಲಿ ಬರೆದಿತ್ತು, ದುಡ್ಡೂ ಕೊಟ್ಟಿದ್ದೆ. ಮೂರನೇ ಸೆಷನ್ (ಟ್ರ್ಯಾಕ್‌ಗೆ ಬಿಡುವ ಸರದಿ), ಐದನೇ ಸುತ್ತು. ಮೊದಲು ಸುಟ್ಟ ವಾಸನೆ ಬಂತು, ಯಾರದ್ದೋ ಕಾರು ಅಂದುಕೊಂಡೆ. ಆಮೇಲೆ ಪೆಡಲ್ ಸ್ವಲ್ಪ ಆಳಕ್ಕೆ ಹೋಗತೊಡಗಿತು. ಮುಂದಿನ ತಿರುವಿನಲ್ಲಿ ಒತ್ತಿದರೆ ಹತ್ತಿ ದಿಂಬಿನ ಮೇಲೆ ಕಾಲಿಟ್ಟ ಹಾಗೆ, ಸೀದಾ ತಳಕ್ಕೆ. ಎರಡು ಸಲ ಪಟಪಟ ಒತ್ತಿ, ಗೇರ್ ಇಳಿಸಿ, ಹೇಗೋ ಹುಲ್ಲಿನ ಮೇಲೆ ಹೋಗಿ ನಿಂತೆ. ಕೆಳಗಿನ ಪ್ಲಾಸ್ಟಿಕ್ ಒಡೆದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬ್ರೇಕ್ ಆಯಿಲ್ ಬಾಟಲಿಯ ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಡಿಕಾಕ್ಷನ್ ಬಣ್ಣದ ಹಳೇ ಆಯಿಲ್. ಯಾರೂ ಮುಟ್ಟೇ ಇರಲಿಲ್ಲ. ಅವತ್ತಿನಿಂದ ಬ್ರೇಕ್ ಆಯಿಲ್ ಬದಲಾಯಿಸುವಾಗ ಪಕ್ಕದಲ್ಲೇ ನಿಂತಿರುತ್ತೇನೆ.

ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಬೀಳುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಸಣ್ಣದಾಗುತ್ತದೆ, ಅಷ್ಟೇ, ಕಾರು ನಿಲ್ಲುವುದಿಲ್ಲ. ಡಾಟ್ 5.1 ಸಿಕ್ಕರೆ ಹಾಕಿಸಿ, ಅದು ಹೊಸದರಲ್ಲಿ 260, ತೇವ ಕುಡಿದಾಗ 180. ಬರೀ ಡಾಟ್ 5 ಅಂತ ಇರುವುದು ಬೇರೆ ಜಾತಿ, ಸಿಲಿಕೋನ್‌ದು, ಅದನ್ನು ಇದರ ಜೊತೆ ಬೆರೆಸಬೇಡಿ. ಇಡೀ ದಿನದ ಖರ್ಚಿನಲ್ಲಿ ಬ್ರೇಕ್ ಆಯಿಲ್‌ನಷ್ಟು ಅಗ್ಗದ್ದು, ಅಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಜನ ಅದನ್ನು ಬಿಟ್ಟು ಎಕ್ಸಾಸ್ಟ್ ಹಾಕಿಸಿಕೊಂಡು ಬರುತ್ತಾರೆ.

ಟೈರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, 2321 ಅಂತಿದ್ದರೆ 2021ರ 23ನೇ ವಾರದ್ದು ಅಂತ ಅರ್ಥ. ಕಾರಿನ ಜೊತೆ ಬಂದ ಟೈರೇ 48,000 ಕಿ.ಮೀ. ಓಡಿದ್ದರೆ ಅದರ ಮೇಲೆ ಟ್ರ್ಯಾಕ್‌ಗೆ ಹೋಗಬೇಡಿ. ವಾಪಸ್ ಬರಲು ಸುಮಾರು 300 ಕಿ.ಮೀ. ಹೆದ್ದಾರಿ ಬಾಕಿ ಇರುತ್ತದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಇನ್ನು ಗಾಳಿ. ಟೈರ್ ಬಿಸಿಯಾದಾಗ ಪ್ರೆಶರ್ ಏರುತ್ತದೆ, ಸೆಷನ್ ಮುಗಿದ ತಕ್ಷಣ ಅಳೆದು ಹೆಚ್ಚಾಗಿದ್ದನ್ನು ಇಳಿಸಿ. ಸಂಜೆ ಹೊರಡುವ ಮುಂಚೆ ಮತ್ತೆ ತುಂಬಿಸಿ. ಹೀಗೆ ಇಳಿಸಿದ ಗಾಳಿಯಲ್ಲೇ ಬೆಂಗಳೂರಿಗೆ ಬಂದವರನ್ನು ನಾನು ನೋಡಿದ್ದೇನೆ.

ಖರ್ಚು ಬೇಕಾ? ಹೋಗಿ ಬರಲು 620 ಕಿ.ಮೀ. ಎಂದುಕೊಳ್ಳಿ, ಲೀಟರ್‌ಗೆ 15ರಂತೆ 41 ಲೀಟರ್. ಟ್ರ್ಯಾಕ್‌ನಲ್ಲಿ 100 ಕಿ.ಮೀ. ಓಡಿಸಿದರೆ ಲೀಟರ್‌ಗೆ 5 ಬಂದರೆ ಪುಣ್ಯ, ಅದು 20 ಲೀಟರ್. ಲೀಟರ್‌ಗೆ ನೂರು ರೂಪಾಯಿ ಹಿಡಿದರೂ ಪೆಟ್ರೋಲ್‌ಗೇ 6,000. ಅದರ ಮೇಲೆ ಟೋಲ್, ಪ್ರವೇಶದ ದುಡ್ಡು, ಒಂದು ರಾತ್ರಿ ರೂಮು, ಸವೆದ ಬ್ರೇಕ್ ಪ್ಯಾಡು. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬೆಂಗಳೂರಿಗೆ ತರಲು ಎಷ್ಟು ಅಂತ ಹೋಗುವ ಮುಂಚೆಯೇ ಒಂದು ಫೋನ್ ಮಾಡಿ ಕೇಳಿ. ಆ ಅಂಕಿ ಕೇಳಿದ ಮೇಲೆ ಎಷ್ಟೋ ಜನರ ನಿರ್ಧಾರ ಬದಲಾಗುತ್ತದೆ.

ಹಾಗಾದರೆ ಜನವರಿಯಲ್ಲಿ ಏನು ಮಾಡೋದು? ಗೆಳೆಯರ ಕಾರಿನಲ್ಲಿ ಹೋಗಿ. ಆಯೋಜಕರು ಬಿಟ್ಟರೆ ಪಕ್ಕದ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಎರಡು ಸುತ್ತು ಕೂರಿ. ಪಿಟ್‌ನಲ್ಲಿ ನಿಂತು ಯಾರ ಕಾರಿಗೆ ಏನಾಯಿತು ಅಂತ ನೋಡಿ, ಅದು ಫ್ರೀ ಪಾಠ. ಆಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ. ಟ್ರ್ಯಾಕ್ ಚಿಕ್ಕದು, ಎರಡು ಕಿ.ಮೀ. ಚಿಲ್ಲರೆ. ಅಲ್ಲಿ ರೇಸಿಂಗ್ ಶಾಲೆಗಳು ತಮ್ಮದೇ ಫಾರ್ಮುಲಾ ಕಾರು ಕೊಟ್ಟು ಕಲಿಸುತ್ತವೆ. ಫೀಸು ಕೇಳಿ ಮೊದಲು ಜಾಸ್ತಿ ಅನಿಸುತ್ತದೆ, ನಿಮ್ಮ ಪೋಲೋ ಪ್ಯಾಡು, ಟೈರು, ಸೋಮವಾರದ ಚಿಂತೆ ಎಲ್ಲ ಕೂಡಿಸಿ ನೋಡಿದ ಮೇಲೆ ಅನಿಸುವುದಿಲ್ಲ. ಅಲ್ಲೂ ಕಾರಿಗೆ ಪೆಟ್ಟಾದರೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿಕೊಳ್ಳಿ. ಹದಿನಾಲ್ಕು ತಿಂಗಳಾದ ಮೇಲೆ ಪೋಲೋ ಪೂರ್ತಿ ನಿಮ್ಮದಾಗಿರುತ್ತದೆ. ಆಗ ಇದೇ ಪ್ರಶ್ನೆ ಮತ್ತೆ ಕಳಿಸಿ, ಬೇರೆ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಟ್ರ್ಯಾಕು, ಫೀಸು, ಇಷ್ಟೆಲ್ಲ ರಗಳೆ ಯಾಕೆ ಸಾರ್? ಬೆಳಿಗ್ಗೆ ಐದಕ್ಕೆ ಎದ್ದರೆ ಬೆಂಗಳೂರು–ಮೈಸೂರು ಹೆದ್ದಾರಿ ಖಾಲಿ ಇರುತ್ತದೆ. ನಾನು ಅಲ್ಲೇ ಕಾರಿನ ಟಾಪ್ ಸ್ಪೀಡ್ ನೋಡಿಬಿಟ್ಟಿದ್ದೇನೆ.
— ಮೈಸೂರಿನ ಓದುಗರು

ಉತ್ತರ: ನೋಡಿದ್ದು ಸಾಕು. ಅಲ್ಲಿ ಮಿತಿ 100. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು, ವೇಗ ಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದು ಹಾಗಿರಲಿ. ನೀವು ಖಾಲಿ ಅನ್ನುವ ರಸ್ತೆಯಲ್ಲಿ ಐದು ಗಂಟೆಗೆ ಲೈಟ್ ಇಲ್ಲದೆ ನಿಂತ ಲಾರಿ ಇರುತ್ತದೆ, ಬೇಲಿ ದಾಟಿ ಬಂದ ಹಸು ಇರುತ್ತದೆ. ಟ್ರ್ಯಾಕ್‌ನಲ್ಲಿ ಎದುರಿಂದ ಯಾರೂ ಬರುವುದಿಲ್ಲ, ತಿರುವಿಗೊಬ್ಬ ಬಾವುಟ ಹಿಡಿದು ನಿಂತಿರುತ್ತಾನೆ, ಆಂಬುಲೆನ್ಸ್ ಎಂಜಿನ್ ಆನ್ ಮಾಡಿಕೊಂಡು ಕಾದಿರುತ್ತದೆ. ನೀವು ಕೊಡುವ ಫೀಸು ಅದಕ್ಕೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಇರುವುದು ಒಂದೇ ಕಾರು, ಸ್ವಿಫ್ಟ್, ನನ್ನ ಹೆಸರಲ್ಲಿದೆ. ಸಾಲ ಇಲ್ಲ. ನಮ್ಮವರು ಟ್ರ್ಯಾಕ್ ಡೇಗೆ ಹೋಗಬೇಕು ಅಂತ ಆರು ತಿಂಗಳಿಂದ ಜೀವ ತಿನ್ನುತ್ತಿದ್ದಾರೆ. ಬೇಡ ಅನ್ನಬೇಕು ಅಂದುಕೊಂಡಿದ್ದೆ, ವಿಡಿಯೋ ನೋಡಿ ನೋಡಿ ಈಗ ನನಗೂ ಆಸೆ ಹುಟ್ಟಿದೆ. ಒಂದೇ ಕಾರಿನಲ್ಲಿ ಇಬ್ಬರೂ ಸರದಿ ಪ್ರಕಾರ ಓಡಿಸಬಹುದಾ?
— ಹುಬ್ಬಳ್ಳಿಯ ಓದುಗರು

ಉತ್ತರ: ಈ ತಿಂಗಳ ಬೆಸ್ಟ್ ಪತ್ರ ಇದೇ. ಹೋಗಿ ಬನ್ನಿ, ಇಬ್ಬರೂ ಓಡಿಸಿ. ಮನೆಗೆ ಎರಡು ತಿಂಗಳು ಕಾರಿಲ್ಲದಿದ್ದರೂ ನಡೆಯುತ್ತದೆ ಅಂತ ಇಬ್ಬರೂ ಒಪ್ಪಿದ ಮೇಲೆ. ಆರ್‌ಸಿ ನಿಮ್ಮ ಹೆಸರಲ್ಲಿದೆ, ಪಾಲಿಸಿಯೂ ನಿಮ್ಮದು, ಹಾಗಾಗಿ ಕೊನೇ ಮಾತೂ ನಿಮ್ಮದೇ ಆಗಿರಲಿ.

ಆದರೆ ಒಂದು ಕಾರು, ಇಬ್ಬರು ಡ್ರೈವರ್ ಅನ್ನುವುದರಲ್ಲಿ ಒಂದು ತೊಡಕಿದೆ. ಒಂದು ಸೆಷನ್ ಹದಿನೈದು ಇಪ್ಪತ್ತು ನಿಮಿಷ, ಆಮೇಲೆ ಬೇರೆ ಗುಂಪು ಹೋಗುತ್ತದೆ, ಅಷ್ಟು ಹೊತ್ತು ಕಾರು ತಣ್ಣಗಾಗಬೇಕು. ಅವರು ಇಳಿದ ತಕ್ಷಣ ನೀವು ಹತ್ತಿದರೆ ಡ್ರೈವರ್‌ಗೆ ರೆಸ್ಟು, ಕಾರಿಗೆ ಇಲ್ಲ. ನಾನು ಮೇಲೆ ಬರೆದ ಬ್ರೇಕಿನ ಕಥೆ ನಿಮ್ಮ ಸರದಿಯಲ್ಲೇ ಆಗುತ್ತದೆ, ಅವರದ್ದರಲ್ಲಲ್ಲ. ಇಬ್ಬರೂ ಒಂದೇ ಗುಂಪಿನಲ್ಲಿ ಹೆಸರು ಬರೆಸಿ, ಒಂದು ಸೆಷನ್ ಅವರು, ಮುಂದಿನದು ನೀವು. ಅರ್ಧ ದಿನವೇ ಸಿಗುತ್ತದೆ ಅಂತ ಬೇಸರ ಬೇಡ, ಮೊದಲ ಸಲ ಮೂರು ಸೆಷನ್ ಆದ ಮೇಲೆ ಕುತ್ತಿಗೆ, ಮೊಣಕೈ ಎಲ್ಲ ಸಾಕಪ್ಪಾ ಅನ್ನುತ್ತವೆ.

ಪ್ರತಿ ಸೆಷನ್‌ನ ಕೊನೇ ಸುತ್ತು ನಿಧಾನಕ್ಕೆ, ಆದಷ್ಟು ಬ್ರೇಕ್ ಒತ್ತದೆ ಬನ್ನಿ. ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಬ್ರೇಕು ಕಚ್ಚಿಕೊಳ್ಳುತ್ತದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾರು ಜಾರದಂತೆ ಹಿಡಿಯುವ ಇಎಸ್‌ಪಿಯ ಬಟನ್ ಮುಟ್ಟಬೇಡಿ, ಅವರಿಗೂ ಮುಟ್ಟಲು ಬಿಡಬೇಡಿ. ಟೋ ಹುಕ್ (ಕಾರು ಎಳೆಯಲು ಸಿಕ್ಕಿಸುವ ಕೊಂಡಿ) ಟೂಲ್ ಕಿಟ್‌ನಲ್ಲಿದೆಯಾ ಅಂತ ಮನೆಯಲ್ಲೇ ನೋಡಿ, ಒಂದು ಸಲ ತಿರುಗಿಸಿ ಹಾಕಿ ಅಭ್ಯಾಸ ಮಾಡಿ (ಕೆಲವು ಜರ್ಮನ್ ಕಾರುಗಳಲ್ಲಿ ಅದು ಉಲ್ಟಾ ತಿರುಗುತ್ತದೆ, ಪೋಲೋದವರೂ ಕೇಳಿಸಿಕೊಳ್ಳಿ). ತುಂಬು ತೋಳಿನ ಹತ್ತಿ ಬಟ್ಟೆ, ತೆಳು ಅಟ್ಟೆಯ ಶೂ. ದುಪಟ್ಟಾ, ಚಪ್ಪಲಿ ಬೇಡ. ಕಾರಿನೊಳಗೆ ಸಡಿಲವಾಗಿ ಇರುವುದೆಲ್ಲ ಹೊರಗೆ: ನೀರಿನ ಬಾಟಲಿ, ಕೊಡೆ, ಫ್ಲೋರ್ ಮ್ಯಾಟ್. ಡ್ಯಾಶ್‌ಬೋರ್ಡ್ ಮೇಲಿನ ಗಣೇಶನನ್ನೂ ಬಿಡಬೇಡಿ, ಅಂಟು ಬಿಸಿಲಿಗೆ ಬಿಟ್ಟುಕೊಂಡಿರುತ್ತದೆ, ಎರಡನೇ ತಿರುವಿನಲ್ಲೇ ಕಾಲಡಿಗೆ, ಪೆಡಲ್ ಕೆಳಗೆ ಬರುತ್ತಾನೆ. ಬಟ್ಟೆಯಲ್ಲಿ ಸುತ್ತಿ ಬ್ಯಾಗ್‌ನಲ್ಲಿಡಿ, ಅಲ್ಲಿಂದಲೇ ಕಾಪಾಡುತ್ತಾನೆ.

ಪ್ರಶ್ನೆ: ನಾನು ಸ್ಟಟ್‌ಗಾರ್ಟ್‌ನಲ್ಲಿ ಎರಡು ವರ್ಷದಿಂದ ಇದ್ದೇನೆ, ಊರು ದಾವಣಗೆರೆ. ಕಂಪನಿ ಲೀಸ್‌ಗೆ ಕೊಟ್ಟ ಗಾಲ್ಫ್ ಇದೆ. ನ್ಯೂರ್ಬರ್ಗ್‌ರಿಂಗ್‌ನಲ್ಲಿ ಟಿಕೆಟ್ ತಗೊಂಡರೆ ಯಾರು ಬೇಕಾದರೂ ಓಡಿಸಬಹುದಂತೆ. ಒಂದು ಸುತ್ತು ಹೊಡೆದು ಬರಲಾ?
— ಜರ್ಮನಿಯ ಓದುಗರು

ಉತ್ತರ: ಲೀಸ್ ಕಾರಿನಲ್ಲಿ ಬೇಡವೇ ಬೇಡ. ಕಾರು ನಿಮ್ಮದಲ್ಲ, ಒಪ್ಪಂದದ ಕಾಗದ ಓದಿ ನೋಡಿ, ರೇಸ್ ಟ್ರ್ಯಾಕ್ ಅನ್ನುವ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ನೀವು ಕೇಳಿದ್ದು ನ್ಯೂರ್ಬರ್ಗ್‌ರಿಂಗ್‌ನ ಹಳೇ ಸುತ್ತು, ನಾರ್ಡ್‌ಶ್ಲೈಫ. ಅದು 1927ರಿಂದ ಇರುವ ದಾರಿ, 20.8 ಕಿ.ಮೀ. ಸುತ್ತು, ಐಫೆಲ್ ಬೆಟ್ಟಗಳ ಕಾಡಿನೊಳಗೆ ಏರಿ ಇಳಿದು ಹೋಗುತ್ತದೆ. ಆಗುಂಬೆ ಘಾಟಿಯನ್ನು ಅಗಲ ಮಾಡಿ ಒನ್ ವೇ ಮಾಡಿದರೆ ಹೇಗಿರುತ್ತದೋ ಹಾಗೆ, ಬಸ್ಸು ಮಾತ್ರ ಇಲ್ಲ. 2024ರವರೆಗೆ ಬೈಕುಗಳೂ ಜೊತೆಗೇ ಬರುತ್ತಿದ್ದವು. ಜನರಿಗೆ ಬಿಟ್ಟ ಹೊತ್ತಿನಲ್ಲಿ ಅದು ಟ್ರ್ಯಾಕ್ ಡೇ ಅಲ್ಲ. ಟೋಲ್ ಕಟ್ಟಿ ಹೋಗುವ ರಸ್ತೆಯ ಹಾಗೆ, ಜರ್ಮನಿಯ ಸಂಚಾರ ನಿಯಮಗಳೇ ನಡೆಯುತ್ತವೆ. ಎಡದಿಂದ ಮಾತ್ರ ಓವರ್‌ಟೇಕ್. ಟೈಮ್ ಅಳೆಯುವ ಹಾಗಿಲ್ಲ. ಪಕ್ಕದಲ್ಲಿ ಹುಲ್ಲು ಒಂದಿಷ್ಟು, ಅದಾದ ಮೇಲೆ ಕಬ್ಬಿಣದ ತಡೆ. ಅದಕ್ಕೆ ಗುದ್ದಿದರೆ ತಡೆಯ ರಿಪೇರಿ ಬಿಲ್ಲೂ ನಿಮಗೇ, ಎಳೆದು ತರುವ ಗಾಡಿಯ ಬಿಲ್ಲೂ ನಿಮಗೇ. ನಿಮ್ಮ ಕಾರಿನ ಹಾನಿಗೆ ಇರುವ ಕಾಸ್ಕೋ ಪಾಲಿಸಿಗಳಲ್ಲಿ ಎಷ್ಟೋ ಕಂಪನಿಗಳು ಈಗ ಇಂಥ ಓಡಾಟವನ್ನು ಹೊರಗಿಟ್ಟಿವೆ. ಸಾಮಾನ್ಯ ಬಾಡಿಗೆ ಕಾರಿನವರೂ ಬಿಡುವುದಿಲ್ಲ.

ಅಷ್ಟು ಆಸೆ ಇದ್ದರೆ ರಿಂಗ್ ಪಕ್ಕದ ಊರಿನಲ್ಲೇ ಇದಕ್ಕೆಂದೇ ಕಾರು ಬಾಡಿಗೆ ಕೊಡುವವರಿದ್ದಾರೆ. ಪೆಟ್ಟಾದರೆ ನಿಮ್ಮ ಪಾಲು ಎಷ್ಟು ಸಾವಿರ ಯೂರೋ ಅಂತ ಕಾಗದದಲ್ಲೇ ಬರೆದಿರುತ್ತದೆ, ಅದನ್ನು ಓದಿ ಸಹಿ ಹಾಕಿ. ನನ್ನ ಸಲಹೆ ಬೇರೆ. ನಿಮಗೆ ಹಾಕನ್‌ಹೈಮ್ ಟ್ರ್ಯಾಕ್ ಹತ್ತಿರ. ಸುಮಾರು 4.6 ಕಿ.ಮೀ. ಸುತ್ತು, ಪಕ್ಕದಲ್ಲಿ ವಿಶಾಲ ಜಾಗ, ತಪ್ಪು ಮಾಡಿದರೂ ಕ್ಷಮಿಸುತ್ತದೆ. ಅದೂ ಜನರಿಗೆ ತೆರೆಯುತ್ತದೆ. ಮೊದಲು ಅಲ್ಲಿ ಕಲಿಯಿರಿ, ಅಲ್ಲಿಗೂ ಲೀಸ್ ಕಾರು ಬೇಡ.

ಪ್ರಶ್ನೆ: ನನ್ನದು ಕಾಂಪ್ಯಾಕ್ಟ್ ಎಸ್‌ಯುವಿ, ಅದರಲ್ಲೂ ಎಲೆಕ್ಟ್ರಿಕ್. ಪಿಕಪ್ ನೋಡಿದರೆ ಪೆಟ್ರೋಲ್ ಕಾರುಗಳು ಮೂಲೆಗೆ. ಒಯ್ಯಬಹುದಾ?
— ಮಂಗಳೂರಿನ ಓದುಗರು

ಉತ್ತರ: ಮೊದಲ ಎರಡು ಸುತ್ತು ನೀವೇ ರಾಜ. ಆಮೇಲೆ ಬ್ಯಾಟರಿ ಬಿಸಿಯಾಗಿ ಕಾರು ತಾನಾಗೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ತೂಕ ಜಾಸ್ತಿ ಇರುವುದರಿಂದ ಟೈರ್ ಬೇಗ ಸವೆಯುತ್ತದೆ. ಎತ್ತರದ ಗಾಡಿಗಳನ್ನು ಕೆಲವು ಆಯೋಜಕರು ಒಳಗೇ ಬಿಡುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿ. ಚಾರ್ಜರ್ ಎಲ್ಲಿದೆ ಅಂತಲೂ.

ಪ್ರಶ್ನೆ: ಮಾವ ಕೊಟ್ಟ 2005ರ ಎಸ್ಟೀಮ್ ಇದೆ. ಎಫ್‌ಸಿ ಮಾಡಿಸಿದ್ದೇನೆ, ಎಂಜಿನ್ ಗಟ್ಟಿ. ಮಾರಿದರೆ ಎಪ್ಪತ್ತು ಸಾವಿರಕ್ಕಿಂತ ಜಾಸ್ತಿ ಬರುವುದಿಲ್ಲ. ದಿನಾ ಆಫೀಸಿಗೆ ನಾನು ಬೈಕಿನಲ್ಲೇ ಹೋಗುವುದು. ಇಂಥ ಕಾರು ಟ್ರ್ಯಾಕ್‌ಗೆ ಒಯ್ದರೆ ನಗುತ್ತಾರಾ?
— ಶಿವಮೊಗ್ಗದ ಓದುಗರು

ಉತ್ತರ: ನಗುವವರು ಮೂರನೇ ತಿರುವಿನಲ್ಲಿ ನಿಮಗೆ ದಾರಿ ಬಿಡುತ್ತಾರೆ. ಎಸ್ಟೀಮ್ ನಮ್ಮ ರೇಸಿಂಗ್‌ನಲ್ಲಿ ವರ್ಷಗಟ್ಟಲೆ ಓಡಿದ ಕಾರು, ಅದರ 1.3 ಎಂಜಿನ್ ಬಗ್ಗೆ ಪಿಟ್‌ನಲ್ಲಿ ಹಳಬರು ಯಾರಾದರೂ ಸಿಕ್ಕರೆ ಒಂದು ಗಂಟೆ ಮಾತಾಡುತ್ತಾರೆ, ಕೂತು ಕೇಳಿ. ಈ ತಿಂಗಳು ಬರೆದವರಲ್ಲಿ ಎರಡು ಸಲ ಯೋಚಿಸದೆ ಹೋಗಿ ಅಂತ ಹೇಳುವುದು ನಿಮಗೊಬ್ಬರಿಗೇ. ಸೋಮವಾರ ನಿಮ್ಮ ಬೈಕ್ ಮನೆ ಮುಂದೆ ಇರುತ್ತದಲ್ಲ.

ಆದರೆ ಕಾರಿನ ಬೆಲೆ ಕಡಿಮೆ ಅಂತ ನಿಮ್ಮ ತಲೆಯ ಬೆಲೆ ಕಡಿಮೆಯಲ್ಲ. ಅದರಲ್ಲಿ ಏರ್‌ಬ್ಯಾಗ್ ಇಲ್ಲ. ಸೀಟ್ ಬೆಲ್ಟ್‌ಗೆ ಇಪ್ಪತ್ತು ವರ್ಷ, ಅಂಚಿನಲ್ಲಿ ನೂಲು ಎದ್ದಿದ್ದರೆ ಬದಲಾಯಿಸಿ. ಬ್ರೇಕಿನ ರಬ್ಬರ್ ಹೋಸು ನಾಲ್ಕೂ ಹೊಸದು ಹಾಕಿಸಿ, ಹಳೇ ಹೋಸು ಒತ್ತಡಕ್ಕೆ ಉಬ್ಬುತ್ತದೆ, ಸೀಳಲೂಬಹುದು. ಚಕ್ರದ ಬೇರಿಂಗ್, ಕೆಳಗಿನ ಬಾಲ್ ಜಾಯಿಂಟ್, ರೇಡಿಯೇಟರ್ ಪೈಪು ಇವನ್ನು ಕಾರು ಎತ್ತಿಸಿ ಕಣ್ಣಾರೆ ನೋಡಿ. ಕೆಳಗೆ ಆಯಿಲ್ ಒಸರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಟ್ರ್ಯಾಕ್ ಮೇಲೆ ನಿಮ್ಮ ಆಯಿಲ್ ಚೆಲ್ಲಿದರೆ ಹಿಂದೆ ಬರುವವರು ಜಾರುತ್ತಾರೆ. ಬೈಕಿನ ಹೆಲ್ಮೆಟ್ ಒಪ್ಪುತ್ತಾರಾ ಅಂತ ಕೇಳಿ, ಹೊಸಬರ ದಿನಗಳಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ, ಫುಲ್ ಫೇಸ್ ಇರಬೇಕು. ಶಿವಮೊಗ್ಗದಿಂದ ದೂರ ಜಾಸ್ತಿ, ಹಿಂದಿನ ದಿನ ಬೆಂಗಳೂರಲ್ಲಿ ಉಳಿದುಕೊಂಡು ನಿದ್ದೆ ಮಾಡಿ ಹೋಗಿ.

ಮಾವನನ್ನೂ ಕರೆದುಕೊಂಡು ಹೋಗಿ, ಅಂದ ಹಾಗೆ. ಓಡಿಸುವುದು ಬೇಡ, ಪಿಟ್‌ನಲ್ಲಿ ಕುರ್ಚಿ ಹಾಕಿ ಕೂರಿಸಿ.